ಹಳ್ಳಿ ಹಲ್ಲಿಯಾಗುವ ಬಗೆ

ಅಕ್ಕಲಕೋಟೆ ತಾಲೂಕಿನ ಹಲ್ಲಿಗಳಲ್ಲಿ ಕನ್ನಡವೇ ಮನೆಮಾತು ಎಂದು ಬಿ.ಎ. ಅಂತಿಮ ವರ್ಷದ ಕಿರುಪ್ರಬಂಧವೊಂದು ಆರಂಭವಾದರೆ ಪರೀಕ್ಷಕರು ಮೊದಲು ನಗುತ್ತಾರೆ, ಅನಂತರ ಕೆಂಪು ಶಾಯಿಯ ಗೆರೆ ಎಳೆಯುತ್ತಾರೆ. ಗಡಿಯಾಚೆಯ ಮಕ್ಕಳಿಗೆ ಳಕಾರ ತಿಳಿಯದು, ಮಹಾಪ್ರಾಣ ಬಾರದು ಎಂಬ ಹಳೆಯ ತೀರ್ಪಿಗೆ ಮತ್ತೊಂದು ಸಾಕ್ಷಿ ಸಿಕ್ಕಿತೆಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅಂಥ ಪ್ರಬಂಧವನ್ನು ಬರೆದ ವಿದ್ಯಾರ್ಥಿನಿ ಹಳ್ಳಿಯನ್ನು ಹಲ್ಲಿಯೆಂದು ಒಮ್ಮೆಯೂ ಉಚ್ಚರಿಸಿದವಳಲ್ಲದಿರಬಹುದು. ಅವಳ ಕೈಬರಹದ ಪ್ರತಿಯಲ್ಲಿ ‘ಹಳ್ಳಿ’ ಎಂದೇ ಇರಬಹುದು. ತಪ್ಪು ಹುಟ್ಟಿದ ಸ್ಥಳ ಕೀಲಿಮಣೆಯ ಎಡತುದಿಯ ಶಿಫ್ಟ್ ಕೀಲಿಯ ಅಡಿಯಲ್ಲಿ, ಹೊರಗಿನ ಕಣ್ಣಿಗೆ ಕಾಣದ ಒಂದು ಬಾಗಿದ ತಂತಿಯಲ್ಲಿ ಇರುವ ಸಾಧ್ಯತೆ ಇದೆ. ಕನ್ನಡವನ್ನು ಐಚ್ಛಿಕವಾಗಿ ಓದುವವರು ಆ ತಂತಿಯನ್ನು ಅರಿತಿರಬೇಕು, ಅದನ್ನು ಸರಿಪಡಿಸಲು ಕಲಿತಿರಬೇಕು ಎಂಬ ಮಾತು ಮೊದಲ ಕೇಳ್ವಿಗೆ ವಿಚಿತ್ರವೆನಿಸಬಹುದು. ವಿಷಯವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದು ಭಾಷಾಶಿಸ್ತಿನದೇ ಒಂದು ಭಾಗವೆಂದು ತಿಳಿಯುತ್ತದೆ.

ಶಿಫ್ಟ್ ಕೀಲಿ ಹುಟ್ಟಿದ್ದು ಇಂಗ್ಲಿಷಿನ ಅಗತ್ಯಕ್ಕೆ. 1878ರಲ್ಲಿ ಬಂದ ರೆಮಿಂಗ್ಟನ್ ಎರಡನೆಯ ಮಾದರಿಯ ಬೆರಳಚ್ಚು ಯಂತ್ರದಲ್ಲಿ ಒಂದೇ ಕೀಲಿಯಿಂದ ಚಿಕ್ಕಕ್ಷರ, ದೊಡ್ಡಕ್ಷರ ಎರಡನ್ನೂ ಮೂಡಿಸುವ ಸಲುವಾಗಿ ಯಂತ್ರದ ಭಾಗವನ್ನೇ ಸರಿಸುವ ಏರ್ಪಾಡು ಇತ್ತು. ‘ಶಿಫ್ಟ್’ ಎಂಬ ಹೆಸರು ಆ ಸರಿಸುವಿಕೆಯಿಂದ ಬಂದುದು. ಕನ್ನಡಕ್ಕೆ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ. ಹಾಗೆ ನೋಡಿದರೆ ಕನ್ನಡದ ಕೀಲಿಮಣೆಯಲ್ಲಿ ಶಿಫ್ಟ್ ಕೆಲಸವಿಲ್ಲದೆ ಕುಳಿತಿರಬೇಕಾಗಿತ್ತು. ಆದದ್ದು ಇದಕ್ಕೆ ತದ್ವಿರುದ್ಧ. ಐವತ್ತರ ಆಸುಪಾಸಿನ ವರ್ಣಗಳನ್ನೂ ಅವುಗಳ ಗುಣಿತಚಿಹ್ನೆಗಳನ್ನೂ ಇಪ್ಪತ್ತಾರು ಕೀಲಿಗಳ ಸುತ್ತಮುತ್ತ ಹೊಂದಿಸಬೇಕಾದಾಗ ವಿನ್ಯಾಸಕಾರರು ಶಿಫ್ಟನ್ನು ವರ್ಣಮಾಲೆಯ ಆಳಕ್ಕೆ ಇಳಿಸಿದರು. ಕೈಬರಹದಲ್ಲಿ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ನಡುವೆ ಇರುವುದು ಅಕ್ಷರದ ಅಡಿಯಲ್ಲಿ ಎಳೆಯುವ ಒಂದು ಸಣ್ಣ ಸೀಳು. ಕೀಲಿಮಣೆಯಲ್ಲಿ ಆ ಸೀಳಿನ ಸ್ಥಾನವನ್ನು ಶಿಫ್ಟ್ ಪಡೆದುಕೊಂಡಿತು. ಇಂಗ್ಲಿಷ್ ಬರೆಯುವವನು ವಾಕ್ಯದ ಮೊದಲಿಗೆ, ಹೆಸರುಗಳ ಮೊದಲಿಗೆ ಅದನ್ನು ಮುಟ್ಟಿ ಬಿಡುತ್ತಾನೆ. ಮುಟ್ಟದಿದ್ದರೂ ಅರ್ಥ ಕೆಡುವುದು ಅಪರೂಪ. ಕನ್ನಡದಲ್ಲಿ ಅದು ತಪ್ಪಿದರೆ ಧನ ದನವಾಗುತ್ತದೆ, ಹುಳಿ ಹುಲಿಯಾಗುತ್ತದೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ವಿನ್ಯಾಸಗಳು ಎರಡು. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಅಧಿಕೃತವಾಗಿ ಅಂಗೀಕರಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸ ಒಂದು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ 1986ರಲ್ಲಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ಇನ್ನೊಂದು. ಮೊದಲನೆಯದರಲ್ಲಿ ದೀರ್ಘಸ್ವರಗಳು, ಮಹಾಪ್ರಾಣಗಳು, ಣಕಾರ, ಳಕಾರ, ಶಕಾರ, ಅನುಸ್ವಾರ, ವಿಸರ್ಗ ಇಷ್ಟೂ ಶಿಫ್ಟಿನ ಪಾಲಿನವು. ‘ಭಾಷಾಭ್ಯಾಸ’ ಎಂಬ ಪದಕ್ಕೆ ಒಂಬತ್ತು ಒತ್ತುಗಳು ಬೇಕು. ಅವುಗಳಲ್ಲಿ ಐದಕ್ಕೆ ಶಿಫ್ಟ್ ಜೊತೆಗಿರಬೇಕು. ‘ಶೂನ್ಯಸಂಪಾದನೆ’ಗೆ ಹನ್ನೆರಡು ಒತ್ತುಗಳು, ನಾಲ್ಕಕ್ಕೆ ಶಿಫ್ಟ್. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ‘ಶೂನ್ಯಸಂಪಾದನೆ’ಗೆ ಶಿಫ್ಟ್ ಒಂದೇ ಸಲ, ಶಕಾರಕ್ಕೆ ಮಾತ್ರ, ‘ಭಾಷಾಭ್ಯಾಸ’ಕ್ಕೆ ಮೂರು ಸಲ. ಅಲ್ಲಿ ದೀರ್ಘಚಿಹ್ನೆಗಳೂ ಅನುಸ್ವಾರವೂ ನೇರವಾಗಿ ದೊರೆಯುತ್ತವೆ, ಪದದ ಆದಿಯಲ್ಲಿ ಬರುವ ಸ್ವರಗಳಿಗೆ ಶಿಫ್ಟ್ ಬೇಕಾಗುತ್ತದೆ. (‘ಕನ್ನಡ’ ಎಂಬ ಪದಕ್ಕೆ ಮಾತ್ರ ಎರಡೂ ವಿನ್ಯಾಸಗಳಲ್ಲಿ ಶಿಫ್ಟಿನ ಹಂಗಿಲ್ಲ. ಇದು ಆಕಸ್ಮಿಕವಾದರೂ ಕಂಡಾಗ ಸಂತೋಷವಾಗುತ್ತದೆ.)

ಸೊಲ್ಲಾಪುರದ ಕಡೆಯ ವಿದ್ಯಾರ್ಥಿಗಳಿಗೆ ಇನ್‌ಸ್ಕ್ರಿಪ್ಟ್‌ನಿಂದ ಇನ್ನೊಂದು ಅನುಕೂಲವಿದೆ. ಮರಾಠಿಯ ಕಕಾರ ಇರುವ ಕೀಲಿಯಲ್ಲಿಯೇ ಕನ್ನಡದ ಕಕಾರವೂ ಇದೆ. ಒಂದರಲ್ಲಿ ಬೆರಳು ಪಳಗಿದರೆ ಇನ್ನೊಂದು ಮುಕ್ಕಾಲು ಪಾಲು ಕೈವಶವಾದಂತೆಯೇ. ಮರಾಠಿಯಲ್ಲಿ ಇಲ್ಲದ ಹ್ರಸ್ವ ಎಕಾರ ಒಕಾರಗಳನ್ನೂ ಬೇರೆ ಕೆಲವು ಚಿಹ್ನೆಗಳನ್ನೂ ಹೊಸದಾಗಿ ಕಲಿತರೆ ಸಾಕು. ಯಾವ ವಿನ್ಯಾಸ ಮೇಲು ಎಂಬ ವಾದ ಇಲ್ಲಿ ಬೇಡ. ಅದು ಬಹುಮಟ್ಟಿಗೆ ಅಭ್ಯಾಸದ ಪ್ರಶ್ನೆ. ಎರಡರಲ್ಲಿಯೂ ಳಕಾರ ಲಕಾರದ ನೆತ್ತಿಯ ಮೇಲೆಯೇ ಕುಳಿತಿದೆ, ಎರಡರಲ್ಲಿಯೂ ಶಿಫ್ಟ್ ತಪ್ಪಿದ ಹಳ್ಳಿ ಹಲ್ಲಿಯಾಗುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ. ಹಲ್ಲಿಯೂ ಹುಲಿಯೂ ನಿಘಂಟಿನಲ್ಲಿರುವ ಶುದ್ಧ ಪದಗಳಾದುದರಿಂದ ಗಣಕದ ಕಾಗುಣಿತ ಪರೀಕ್ಷಕವೂ ಅವನ್ನು ತಡೆಯುವುದಿಲ್ಲ.

ಈಗ ಆ ಕೀಲಿಯ ಶರೀರವನ್ನು ನೋಡಬೇಕು. ಸಾಮಾನ್ಯ ಅಕ್ಷರದ ಕೀಲಿಯೊಂದಕ್ಕೆ ಸಲ್ಲುವ ಅಗಲ 19.05 ಮಿಲಿಮೀಟರ್. ಇದನ್ನು ಒಂದು ಮಾನವೆಂದು ಹಿಡಿದರೆ ಪ್ರಚಲಿತ ಅಮೆರಿಕನ್ ಅಳತೆಯ ಕೀಲಿಮಣೆಯಲ್ಲಿ ಬ್ಯಾಕ್‌ಸ್ಪೇಸ್ ಎರಡು ಮಾನ, ಎಂಟರ್ ಮತ್ತು ಎಡ ಶಿಫ್ಟ್ 2.25 ಮಾನ, ಬಲ ಶಿಫ್ಟ್ 2.75 ಮಾನ, ಸ್ಪೇಸ್‌ಬಾರ್ 6.25 ಮಾನ. ಒತ್ತನ್ನು ಗ್ರಹಿಸುವ ಸ್ವಿಚ್ಚು ಮಾತ್ರ ಪ್ರತಿ ಕೀಲಿಗೂ ಒಂದೇ, ಅದೂ ನಡುವಿನಲ್ಲಿ. ಉದ್ದದ ಕೀಲಿಯ ಅಂಚನ್ನು ಒತ್ತಿದಾಗ ಅದು ಏತದಂತೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳದಿರಲೆಂದು ಅದರ ಅಡಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಗೂಡುಗಳನ್ನು, ಅವುಗಳೊಳಗೆ ಮೇಲೆ ಕೆಳಗೆ ಜಾರುವ ಎರಡು ಕಾಲುಗಳನ್ನು, ಆ ಎರಡು ಕಾಲುಗಳನ್ನು ಜೋಡಿಸುವ ಒಂದು ಉಕ್ಕಿನ ತಂತಿಯನ್ನು ಇಟ್ಟಿರುತ್ತಾರೆ. ತಂತಿಯ ಎರಡು ತುದಿಗಳು ಒಂದೇ ಕಡೆಗೆ ಬಾಗಿರುತ್ತವೆ. ಒಂದು ಕಾಲು ಇಳಿದರೆ ತಂತಿ ತಿರುಗಿ ಇನ್ನೊಂದನ್ನೂ ಇಳಿಸುತ್ತದೆ. ಇದಕ್ಕೆ ಸ್ಟೆಬಿಲೈಜರ್ ಎಂದು ಹೆಸರು. ಸೊಲ್ಲಾಪುರದ ಪೇಟೆಯಲ್ಲಿ ಈ ಹೆಸರನ್ನು ಹೇಳಿ ಕೇಳಿದರೆ ಅಂಗಡಿಯವನು ಫ್ರಿಜ್ಜಿನ ಪಕ್ಕದಲ್ಲಿಡುವ ಪೆಟ್ಟಿಗೆಯನ್ನೇ ತೋರಿಸುವನು. ಕೆಲಸ ಬೇರೆಯಾದರೂ ತೂಗಾಟವನ್ನು ತಡೆಯುವುದೆಂಬ ಅರ್ಥ ಎರಡಕ್ಕೂ ಒಂದೇ.

ಸ್ಪೇಸ್‌ಬಾರನ್ನು ಹೆಬ್ಬೆರಳು ಹೆಚ್ಚುಕಡಿಮೆ ನಡುವಿನಲ್ಲಿಯೇ ಒತ್ತುತ್ತದೆ. ಶಿಫ್ಟಿನ ಭಾಗ್ಯ ಹಾಗಿಲ್ಲ. ಬೆರಳಚ್ಚಿನ ಶಾಸ್ತ್ರದಂತೆ ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್. ಎರಡನ್ನೂ ಒತ್ತಬೇಕಾದದ್ದು ಕಿರುಬೆರಳು. ಸಾಲಿನ ಮಧ್ಯದಿಂದ ಚಾಚಿದ ಕಿರುಬೆರಳು ಶಿಫ್ಟಿನ ಒಳಅಂಚನ್ನು ಮುಟ್ಟುವುದೇ ಹೆಚ್ಚು, ನಡುವಿಗೆ ತಲುಪುವುದು ಕಡಿಮೆ. ಹೀಗೆ ಕೈಯಲ್ಲಿ ಅತ್ಯಂತ ದುರ್ಬಲವಾದ ಬೆರಳು, ಅತಿ ಉದ್ದದ ಕೀಲಿಗಳಲ್ಲಿ ಒಂದನ್ನು, ಅದರ ಅಂಚಿನಲ್ಲಿ ಒತ್ತುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕನ್ನಡಕ್ಕೆ ಪದೇ ಪದೇ ಬೇಕಾಗುವ ಆಕಾರದ ದೀರ್ಘವೂ ಏಕಾರ, ಶಕಾರ, ಧಕಾರ, ಭಕಾರಗಳೂ ಎಡಗೈ ಕೀಲಿಗಳಲ್ಲಿವೆ. ಆದ್ದರಿಂದ ಅವುಗಳ ಭಾರವೆಲ್ಲ 2.75 ಮಾನದ ಬಲ ಶಿಫ್ಟಿನ ಮೇಲೆ ಬೀಳುತ್ತದೆ. ಇಂಗ್ಲಿಷ್ ಬರೆಯುವವರಲ್ಲಿ ಬಲ ಶಿಫ್ಟನ್ನು ಮುಟ್ಟದೆಯೇ ಕಾಲ ಕಳೆಯುವವರುಂಟು. ಕೀಲಿಮಣೆಯ ತಯಾರಕರ ಪರೀಕ್ಷೆಗೂ ಕನ್ನಡದ ಲೇಖಕಿಯ ಪರೀಕ್ಷೆಗೂ ಅಂತರ ಬೀಳುವುದು ಇಲ್ಲಿಯೇ.

ಸ್ಟೆಬಿಲೈಜರಿನ ದೋಷ ಎರಡು ವಿಧವಾಗಿ ಕಾಣಿಸಿಕೊಳ್ಳುತ್ತದೆ. ತಂತಿಯ ತುದಿ ಕಾಲಿನ ತೂತಿನಲ್ಲಿ ಸಡಿಲವಾಗಿದ್ದರೆ ಕೀಲಿ ಒತ್ತಿದಾಗಲೂ ಬಿಟ್ಟಾಗಲೂ ಗಲಗಲ ಸದ್ದು ಮಾಡುತ್ತದೆ, ಬೆರಳಿಗೆ ಅಲುಗಾಟ ತಟ್ಟುತ್ತದೆ. ಇದು ಕಿರಿಕಿರಿಯೇ ಹೊರತು ಅಕ್ಷರವನ್ನು ಕೆಡಿಸುವುದು ಕಡಿಮೆ. ಎರಡನೆಯದು ಹೆಚ್ಚಿನ ಉಪದ್ರವ. ತಂತಿ ಸೊಟ್ಟಗಾಗಿದ್ದರೆ, ಗೂಡಿನಲ್ಲಿ ಧೂಳು ತುಂಬಿದ್ದರೆ ಕಾಲು ಬಿಗಿಹಿಡಿಯುತ್ತದೆ. ಆಗ ಅಂಚಿನಲ್ಲಿ ಬಿದ್ದ ಒತ್ತು ನಡುವಿನ ಸ್ವಿಚ್ಚಿಗೆ ಪೂರ್ತಿ ತಲುಪುವುದಿಲ್ಲ, ತಲುಪಿದರೆ ಕೀಲಿ ಬೇಗ ಮೇಲೇಳುವುದಿಲ್ಲ. ತಲುಪದಿದ್ದರೆ ಧನ ದನವಾಯಿತು. ಮೇಲೇಳದಿದ್ದರೆ ಮುಂದಿನ ಅಕ್ಷರವೂ ಶಿಫ್ಟಿಗೆ ಸಿಕ್ಕಿ, ನುಡಿಯಲ್ಲಿ ಬರೆಯುವವನ ‘ಧನ’ವು ‘ಧಣ’ವಾಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಹಳ್ಳಿ’ ಬರೆಯುವಾಗ ಮೊದಲ ಳಕಾರಕ್ಕೆ ಶಿಫ್ಟ್ ಇಳಿಯಬೇಕು, ಹಲಂತಕ್ಕೆ ಏಳಬೇಕು, ಎರಡನೆಯ ಳಕಾರಕ್ಕೆ ಮತ್ತೆ ಇಳಿಯಬೇಕು, ಗುಡಿಸಿಗೆ ಮತ್ತೆ ಏಳಬೇಕು. ನಡುವೆ ಏಳಲು ಒಂದಿಷ್ಟು ತಡವಾದರೆ ಹಲಂತದ ಕೀಲಿ ಅಕಾರವನ್ನು ಕೊಟ್ಟು ‘ಹಳಅಳಿ’ ಎಂಬ ಅನಾಹುತ ತೆರೆಯ ಮೇಲೆ ಮೂಡುತ್ತದೆ. ಐದು ಒತ್ತುಗಳ ಪದದಲ್ಲಿ ಇಷ್ಟು ಏರಿಳಿತ! ಬೆರಳಚ್ಚುಗಾರ ದಣಿದು, ಇದ್ದದ್ದು ಇರಲಿ, ಓದುವವರು ಅರಿತುಕೊಳ್ಳುತ್ತಾರೆ ಎಂದು ಮುಂದೆ ಸಾಗಿದರೆ ಅವನನ್ನು ಪೂರ್ತಿ ದೂರುವಂತಿಲ್ಲ.

ಮಗ್ಗದ ಊರಿನವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ಚಾದರದ ಅಂಚಿನಲ್ಲಿ ಎಳೆ ತಪ್ಪಿದರೆ ಸೊಲ್ಲಾಪುರದ ನೇಕಾರ ನೂಲನ್ನು ಬಯ್ಯುವ ಮುನ್ನ ಲಾಳಿಯ ಓಟವನ್ನು ನೋಡುತ್ತಾನೆ, ಎಣ್ಣೆ ಎಲ್ಲಿ ಆರಿದೆಯೆಂದು ಕೈಯಾಡಿಸಿ ತಿಳಿಯುತ್ತಾನೆ. ಯಂತ್ರದ ದೋಷ ಯಾವುದು, ಕೈಯ ದೋಷ ಯಾವುದು ಎಂಬ ವಿವೇಚನೆ ಅವನ ಕಸುಬಿನ ಮೊದಲ ಪಾಠ. ಅಕ್ಷರದ ಕಸುಬಿನವರು ಮಾತ್ರ ಆ ಪಾಠವನ್ನು ಕಲಿಯದೆ, ತಪ್ಪೆಲ್ಲವನ್ನೂ ವಿದ್ಯಾರ್ಥಿಯ ತಲೆಗೆ ಕಟ್ಟುವ ರೂಢಿಯನ್ನು ಬೆಳೆಸಿಕೊಂಡಿದ್ದಾರೆ.

ದುರಸ್ತಿಯ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ಕೀಲಿಮಣೆಯನ್ನು ಗಣಕದಿಂದ ಬಿಡಿಸಬೇಕು. ಉದ್ದದ ಕೀಲಿಯ ಮುಚ್ಚಳವನ್ನು ಎರಡು ಕಡೆಯಿಂದಲೂ ಸಮನಾಗಿ ಹಿಡಿದು ನೇರವಾಗಿ ಮೇಲಕ್ಕೆ ಎತ್ತಬೇಕು. ಒಂದೇ ಕಡೆಯಿಂದ ಕಿತ್ತರೆ ಅಡಿಯ ತಂತಿ ಬಾಗುತ್ತದೆ, ಇಲ್ಲದ ರೋಗವನ್ನು ತಂದುಕೊಂಡಂತಾಗುತ್ತದೆ. ಒಣ ಕುಂಚದಿಂದ ಧೂಳನ್ನು ತೆಗೆಯಬೇಕು. ಸೊಲ್ಲಾಪುರದ ಒಣಹವೆಯಲ್ಲಿ, ಅದರಲ್ಲಿಯೂ ಪವರ್‌ಲೂಮುಗಳ ಓಣಿಗಳಲ್ಲಿ, ಹತ್ತಿಯ ನವಿರಾದ ಎಳೆಗಳು ಇಂಥ ಗೂಡುಗಳನ್ನು ಹುಡುಕಿಕೊಂಡು ಬಂದು ಸೇರುತ್ತವೆ. ಎಷ್ಟೋ ಸಲ ಈ ಒಂದು ಶುಚಿಯಿಂದಲೇ ಬಿಗಿತ ಬಿಟ್ಟುಹೋಗುತ್ತದೆ.

ಹೋಗದಿದ್ದರೆ ತಂತಿಯನ್ನು ನೋಡಬೇಕು. ಕೆಲವು ಕೀಲಿಮಣೆಗಳಲ್ಲಿ ಸ್ಟೆಬಿಲೈಜರನ್ನು ಮೇಲಿನ ಲೋಹದ ತಗಡಿಗೆ ಸಿಕ್ಕಿಸಿರುತ್ತಾರೆ. ಇಂಥವುಗಳನ್ನು ಪಕ್ಕದ ಸ್ವಿಚ್ಚನ್ನು ತೆಗೆದು ಹೊರಗೆ ತರುವುದು ಸಾಧ್ಯ. ಇನ್ನು ಕೆಲವುಗಳಲ್ಲಿ ಅದು ಕೆಳಗಿನ ವಿದ್ಯುತ್ ಫಲಕಕ್ಕೇ ಕಚ್ಚಿಕೊಂಡಿರುತ್ತದೆ, ತಗಡನ್ನೇ ಬಿಚ್ಚದೆ ಅದು ಹೊರಬರುವುದಿಲ್ಲ. ಬೆಸುಗೆ ಹಾಕಿದ ಸ್ವಿಚ್ಚುಗಳಿದ್ದರೆ ಹೊಸಬರು ಆ ಸಾಹಸಕ್ಕೆ ಕೈಹಾಕದಿರುವುದೇ ಲೇಸು; ಮೇಲಿನಿಂದಲೇ ಮಾಡಬಹುದಾದಷ್ಟನ್ನು ಮಾಡಿದರೆ ಸಾಕು. ಹೊರಬಂದ ತಂತಿಯನ್ನು ಗಾಜಿನ ಮೇಲೆ, ಮೊಬೈಲಿನ ತೆರೆಯ ಮೇಲಾದರೂ ಸರಿ, ಮಲಗಿಸಿ ಒಂದು ತುದಿಯನ್ನು ಬೆರಳಿನಿಂದ ತಟ್ಟಿ ನೋಡಬೇಕು. ಇನ್ನೊಂದು ತುದಿ ಮೇಲೆದ್ದು ಕುಣಿದರೆ ತಂತಿ ತಿರುಚಿಕೊಂಡಿದೆ ಎಂದರ್ಥ. ಇಕ್ಕಳದಿಂದ ತುಸುತುಸುವೇ ಬಾಗಿಸಿ, ಮತ್ತೆ ಗಾಜಿನ ಮೇಲಿಟ್ಟು, ಎರಡು ತುದಿಗಳೂ ಸಮವಾಗಿ ಮಲಗುವವರೆಗೆ ತಿದ್ದಬೇಕು. ಅರ್ಧ ಗಂಟೆ ಹೋದರೂ ಹೋದೀತು. ಅವಸರದ ಒಂದು ಬಾಗು ಹಿಂದಿನ ಹತ್ತು ತಿದ್ದುಗಳನ್ನು ಕೆಡಿಸುತ್ತದೆ.

ಗಲಗಲ ಸದ್ದಿಗೆ ಮದ್ದು ಜಿಡ್ಡು. ವಾಹನಗಳ ಬಿಡಿಭಾಗದ ಅಂಗಡಿಗಳಲ್ಲಿ, ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಸಿಲಿಕೋನ್ ಗ್ರೀಸನ್ನು ತಂತಿಯ ಎರಡು ತುದಿಗಳಿಗೆ, ಅದು ಕಾಲಿನ ತೂತನ್ನು ಹೊಗುವಷ್ಟು ಭಾಗಕ್ಕೆ, ಸಣ್ಣ ಕುಂಚದಿಂದ ಹಚ್ಚಬೇಕು. ಬಿಚ್ಚಲಾಗದ ಕೀಲಿಮಣೆಯಾದರೆ ಮೊಂಡು ತುದಿಯ ಸಿರಿಂಜಿನಿಂದ ಮೇಲಿನಿಂದಲೇ ಗೂಡಿನೊಳಗೆ ಒಂದು ಕಾಳಿನಷ್ಟು ಇಳಿಸಬಹುದು. ಕಾಲಿನ ಗೋಡೆಗಳಿಗೆ ತೆಳ್ಳಗಿನ ಲೇಪ ಸಾಕು. ಹೆಚ್ಚಾದರೆ ಕೀಲಿ ಕೆಸರಿನಲ್ಲಿ ಕಾಲಿಟ್ಟಂತೆ ನಿಧಾನವಾಗಿ ಏಳುತ್ತದೆ. ಶಿಫ್ಟಿಗೆ ಅದು ಗಲಗಲಕ್ಕಿಂತ ಕೆಟ್ಟದ್ದು. ಗೂಡು ಫಲಕಕ್ಕೆ ಬಡಿಯುವ ಕಡೆ, ಗಾಯಕ್ಕೆ ಅಂಟಿಸುವ ಬಟ್ಟೆಪಟ್ಟಿಯ ಸಣ್ಣ ತುಂಡನ್ನು ಮೆತ್ತೆಯಂತೆ ಅಂಟಿಸುವ ಪದ್ಧತಿಯೂ ಉಂಟು, ಸದ್ದು ಮೆದುವಾಗುತ್ತದೆ. ಕಾಲಿನ ಅಡಿಗೆ ಚಾಚಿಕೊಂಡಿರುವ ಎರಡು ಪುಟ್ಟ ಉಗುರುಗಳನ್ನು ಕತ್ತರಿಸಿ ತಳವನ್ನು ಸಪಾಟು ಮಾಡುವವರೂ ಇದ್ದಾರೆ. ಒಮ್ಮೆ ಕತ್ತರಿಸಿದ್ದು ಮರಳಿ ಬೆಳೆಯುವುದಿಲ್ಲವಾದುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಮನೆಯಲ್ಲಿರುವ ಎಣ್ಣೆಗಳ ಬಗ್ಗೆ ಎಚ್ಚರಿಕೆ ಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ವಸ್ತು; ಸಿದ್ಧೇಶ್ವರನ ಗಡ್ಡಾ ಜಾತ್ರೆಯ ಚಳಿಯಲ್ಲಿ ಗಟ್ಟಿಯಾಗಿ ಕೀಲಿಯನ್ನು ಹಿಡಿಯುತ್ತದೆ, 40 ಡಿಗ್ರಿ ದಾಟುವ ವೈಶಾಖದಲ್ಲಿ ನೀರಾಗಿ ಸ್ವಿಚ್ಚಿಗೆ ಹರಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ತೀರ ತೆಳುವಾದದ್ದು, ಹಚ್ಚಿದಲ್ಲಿ ನಿಲ್ಲುವುದಿಲ್ಲ. ವ್ಯಾಸಲೀನ್ ಕೆಲವು ಪ್ಲಾಸ್ಟಿಕ್ಕುಗಳಿಗೆ ಒಗ್ಗುವುದಿಲ್ಲ. ಸಿಲಿಕೋನ್ ಗ್ರೀಸಿನ ಒಂದು ಸಣ್ಣ ನಳಿಕೆ ವಿಭಾಗವೊಂದರ ಎಲ್ಲ ಕೀಲಿಮಣೆಗಳಿಗೂ ವರ್ಷಗಟ್ಟಲೆ ಸಾಕಾಗುತ್ತದೆ.

ಕೀಲಿಮಣೆಯ ಸದ್ದನ್ನೇ ಸಂಗೀತವೆಂದು ಆರಾಧಿಸುವ, ಅದಕ್ಕಾಗಿ ಹತ್ತಾರು ಸಾವಿರ ರೂಪಾಯಿ ಸುರಿಯುವ ಒಂದು ಹವ್ಯಾಸ ಇಂದು ಲೋಕದಲ್ಲೆಲ್ಲ ಹರಡಿದೆ. ಸ್ಟೆಬಿಲೈಜರ್ ತಿದ್ದುವ ಈ ಉಪಾಯಗಳಲ್ಲಿ ಹೆಚ್ಚಿನವು ಆ ಹವ್ಯಾಸಿಗಳ ಮೇಜಿನ ಮೇಲೆಯೇ ಪಕ್ವವಾದವು. ಅವರಿಗೆ ಅದಕ್ಕಾಗಿ ಕೃತಜ್ಞತೆ ಸಲ್ಲಬೇಕು. ಅವರ ಖರ್ಚಿನ ದಾರಿ ಮಾತ್ರ ಅಕ್ಕಲಕೋಟೆಯಿಂದ ನಿತ್ಯ ಬಸ್ಸಿನಲ್ಲಿ ನಲವತ್ತು ಕಿಲೋಮೀಟರ್ ಸೊಲ್ಲಾಪುರಕ್ಕೆ ಬಂದು ಹೋಗುವ ವಿದ್ಯಾರ್ಥಿಯದಲ್ಲ. ಅವನಿಗೆ ಬೇಕಾದದ್ದು ಎರಡು ಶಿಫ್ಟುಗಳು, ಒಂದು ಸ್ಪೇಸ್‌ಬಾರ್, ಎಂಟರ್, ಬ್ಯಾಕ್‌ಸ್ಪೇಸ್ ಹೇಳಿದಂತೆ ಕೇಳುವುದು. ಹೊಸದನ್ನು ಕೊಳ್ಳುವವನು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಾಣದ ಕೀಲಿಗಳಿಗೆ ಜಾಗ ಮಾಡಲೆಂದು ಬಲ ಶಿಫ್ಟನ್ನು 1.75 ಮಾನಕ್ಕೆ ಮೊಟಕುಗೊಳಿಸಿದ ಚಿಕ್ಕ ಕೀಲಿಮಣೆಗಳು ನೋಡಲು ಚೆಂದ, ಅಷ್ಟು ಸಣ್ಣ ಕೀಲಿಗೆ ಸ್ಟೆಬಿಲೈಜರಿನ ರಗಳೆಯೂ ಇಲ್ಲ. ಆದರೆ ದೀರ್ಘಕ್ಕೊಮ್ಮೆ ಬಲ ಶಿಫ್ಟನ್ನು ಹುಡುಕುವ ಕನ್ನಡದ ಕಿರುಬೆರಳಿಗೆ ಆ ಗುರಿ ಕಿರಿದಾಯಿತು.

ಈಗ ಬರೆಯುವುದೆಲ್ಲ ಮೊಬೈಲಿನಲ್ಲಿ, ಹೇಳಿದ್ದನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶವೂ ಬಂದಿದೆ, ಹೀಗಿರುವಾಗ ಕೀಲಿಮಣೆಯ ಉಸಾಬರಿ ಯಾಕೆ ಎಂಬ ಆಕ್ಷೇಪಕ್ಕೆ ಬಲವಿದೆ. ಸಂದೇಶಕ್ಕೆ, ಸಣ್ಣ ಟಿಪ್ಪಣಿಗೆ ಅವು ಸಾಕು. ಅರವತ್ತು ಪುಟಗಳ ಪ್ರಬಂಧಕ್ಕೆ, ಅಡಿಟಿಪ್ಪಣಿಗೆ, ಪದಸೂಚಿಗೆ ಹೆಬ್ಬೆರಳು ಸೋಲುತ್ತದೆ. ಹೇಳಿದ್ದನ್ನು ಬರೆದುಕೊಳ್ಳುವ ತಂತ್ರಾಂಶದ ವಿಚಾರ ಇನ್ನೂ ಸೂಕ್ಷ್ಮವಾದುದು. ಅದು ಕೇಳಿದ್ದನ್ನು ತನಗೆ ಪರಿಚಿತವಾದ ಶಿಷ್ಟರೂಪಕ್ಕೆ ಹೊಂದಿಸಿಕೊಳ್ಳುತ್ತದೆ. ಸೊಲ್ಲಾಪುರ ಸೀಮೆಯ ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ.

ಈ ಅಪಾಯವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತಮ್ಮ ಪಠ್ಯದಿಂದಲೇ ತಿಳಿಯಬಲ್ಲರು. ಗ್ರಂಥಸಂಪಾದನೆಯ ಪಾಠದಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ಅವರು ಓದುತ್ತಾರೆ, ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಗ್ರಂಥವನ್ನೇ ರಚಿಸಿದರು. ಓಲೆಗರಿಯಲ್ಲಿ ಒಂದು ಸೀಳು ಕಾಣದಿದ್ದರೆ ಸಂಪಾದಕ ಕೇಳುವ ಪ್ರಶ್ನೆಗಳು ಹಲವು. ಕವಿಯೇ ಅಲ್ಪಪ್ರಾಣವನ್ನು ಬಳಸಿದನೇ, ಲಿಪಿಕಾರನ ಕಿವಿ ಹಾಗೆ ಕೇಳಿತೇ, ಅವನ ಕಣ್ಣು ಜಾರಿತೇ, ಕಂಟದ ಮೊನೆ ಗರಿಯನ್ನು ಸರಿಯಾಗಿ ಕೊರೆಯಲಿಲ್ಲವೇ, ಹುಳು ತಿಂದಿತೇ? ಗರಿಯನ್ನು ಕುದಿಸಿ, ಒಣಗಿಸಿ, ನುಣುಪುಮಾಡಿ, ಕಂಟವನ್ನು ಮಸೆದು ಬರೆಯಲು ಕುಳಿತ ಲಿಪಿಕಾರನಿಗೆ ತನ್ನ ಸಲಕರಣೆಯ ಬಗ್ಗೆ ಇದ್ದ ಶ್ರದ್ಧೆಯ ಹಿಂದೆ ಇಂಥ ಪ್ರಶ್ನೆಗಳಿಗೆ ಎಡೆಗೊಡಬಾರದೆಂಬ ಅಳುಕೂ ಇದ್ದಿರಬೇಕು.

ಅಕ್ಕಲಕೋಟೆ ತಾಲೂಕಿನ ಊರುಗಳಲ್ಲಿ ಬೀಸುವ ಪದಗಳನ್ನು, ಭಜನೆಯ ಪದಗಳನ್ನು, ಮುದುಕಿಯರ ಮಾತನ್ನು ಧ್ವನಿಮುದ್ರಿಸಿ ತಂದ ವಿದ್ಯಾರ್ಥಿನಿ ಅದನ್ನು ಬೆರಳಚ್ಚಿಗೆ ಇಳಿಸುವಾಗ ಅವಳೂ ಲಿಪಿಕಾರಳೇ. ಆಡುಗನ್ನಡದಲ್ಲಿ ಧರ್ಮ ದರ್ಮವಾಗುವುದು, ಭಕ್ತಿ ಬಕ್ತಿಯಾಗುವುದು ಎಲ್ಲೆಡೆ ಕಾಣುವ ಸಂಗತಿ. ಆದರೆ ಈ ಸೀಮೆಯ ಜನ ಹಗಲೆಲ್ಲ ಮರಾಠಿಯಲ್ಲಿಯೂ ವ್ಯವಹರಿಸುವವರು; ಮರಾಠಿಯಲ್ಲಿ ಮಹಾಪ್ರಾಣ ಬಲವಾಗಿ ಉಳಿದಿದೆ. ಎರಡು ಭಾಷೆಗಳ ನಡುವೆ ಬಾಳುವ ನಾಲಗೆ ಕನ್ನಡ ಆಡುವಾಗ ಮಹಾಪ್ರಾಣವನ್ನು ಉಳಿಸಿಕೊಂಡಿದೆಯೇ, ಯಾವ ಪದಗಳಲ್ಲಿ ಉಳಿಸಿಕೊಂಡಿದೆ, ಯಾವ ವಯಸ್ಸಿನವರಲ್ಲಿ ಬಿಟ್ಟುಹೋಗಿದೆ ಎಂಬುದು ಒಳ್ಳೆಯ ಸಂಶೋಧನೆಯ ಪ್ರಶ್ನೆ. ಉತ್ತರ ಇರುವುದು ಆ ಬೆರಳಚ್ಚಿನ ಪ್ರತಿಯಲ್ಲಿ. ಅಲ್ಲಿ ‘ದರ್ಮ’ ಎಂದಿದ್ದರೆ ಅದು ಹಾಡಿದವಳ ನಾಲಗೆಯದೋ ಬಿಗಿಹಿಡಿದ ಶಿಫ್ಟಿನದೋ ಎಂದು ಹತ್ತು ವರ್ಷದ ಮೇಲೆ ಹೇಳಬಲ್ಲವರು ಯಾರು? ಶಿಷ್ಟ ಪಠ್ಯದಲ್ಲಿ ತಪ್ಪನ್ನು ಓದುಗ ಊಹಿಸಿ ತಿದ್ದಿಕೊಳ್ಳಬಲ್ಲ. ಆಡುನುಡಿಯ ದಾಖಲೆಯಲ್ಲಿ ತಿದ್ದಿಕೊಳ್ಳಲು ಆಧಾರವೇ ಇಲ್ಲ. ಇದ್ದ ರೂಪವೇ ಪ್ರಮಾಣ. ಮುದ್ರಿತ ಧ್ವನಿ ಉಳಿದಿದ್ದರೆ ಸರಿ, ಅದು ಒಂದು ಹಳೆಯ ಮೊಬೈಲಿನೊಂದಿಗೆ ಕಳೆದುಹೋಗಿದ್ದರೆ ಆ ಮುದುಕಿಯ ಉಚ್ಚಾರಣೆಗೆ ಉಳಿದ ಏಕೈಕ ಸಾಕ್ಷಿ ಆ ಪ್ರತಿ.

ಎಲ್ಲ ತಪ್ಪಿಗೂ ತಂತಿಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಇದರ ಉದ್ದೇಶವಲ್ಲ. ಮಹಾಪ್ರಾಣವನ್ನು ಅರಿಯದೆ ಬರೆದ ತಪ್ಪುಗಳು ಬೇಕಾದಷ್ಟಿವೆ, ಅವು ಗಡಿಯ ಎರಡೂ ಬದಿಗೆ ಇವೆ. ಕೀಲಿ ಸರಿಯಾದ ಮೇಲೆ ಉಳಿಯುವ ತಪ್ಪು ತನ್ನದೆಂದು ವಿದ್ಯಾರ್ಥಿ ಒಪ್ಪಿಕೊಳ್ಳಬೇಕಾಗುತ್ತದೆ, ನಿಘಂಟನ್ನು ತೆರೆಯಬೇಕಾಗುತ್ತದೆ. ತಾನು ನೆಚ್ಚಿಕೊಂಡಿದ್ದ ನೆಪವೊಂದು ಕೈತಪ್ಪುವುದು ಅವನಿಗೆ ಅಷ್ಟೇನೂ ಹಿತವಾಗಿರಲಾರದು.

ವಿಭಾಗಗಳು ಮಾಡಬಹುದಾದದ್ದು ಸಣ್ಣದು. ಸೊಲ್ಲಾಪುರ, ಅಕ್ಕಲಕೋಟೆಗಳ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಕೊಠಡಿಯ ಗಣಕಕ್ಕೆ ಬಿಚ್ಚಿ ಜೋಡಿಸಬಲ್ಲ ಒಂದು ಕೀಲಿಮಣೆಯನ್ನು, ಅದರ ಪಕ್ಕದಲ್ಲಿ ಒಂದು ಕುಂಚ, ಒಂದು ಇಕ್ಕಳ, ಗ್ರೀಸಿನ ಒಂದು ನಳಿಕೆಯನ್ನು ಇಡಬಹುದು. ಗ್ರಂಥಸಂಪಾದನೆಯ ತರಗತಿಯ ಒಂದು ಅವಧಿಯನ್ನು ಅದಕ್ಕೆ ಕೊಡಬಹುದು. ಶಿಫ್ಟನ್ನು ಒಳಅಂಚಿನಲ್ಲಿ, ನಡುವಿನಲ್ಲಿ, ಹೊರಅಂಚಿನಲ್ಲಿ ಒತ್ತಿ ನೋಡುವುದು ಪರೀಕ್ಷೆಯ ಕ್ರಮ. ಬೇರೆ ಕೀಲಿ ಮುಟ್ಟದೆ ಐದು ಸಲ ಒತ್ತಿದರೆ ವಿಂಡೋಸ್ ಗಣಕ ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತದೆ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದವರಿಗಾಗಿ ಮಾಡಿದ ಸೌಲಭ್ಯ ಅದು, ಅಂಥವರಿಗೆ ನಿಜಕ್ಕೂ ಉಪಕಾರಿ. ಅನಂತರ ಪದಗಳ ಸರದಿ. ಪರೀಕ್ಷೆಗೆ ಬೇಕಾದ ಪದಗಳು ತಾಲೂಕಿನ ಊರುಗಳ ಹೆಸರಿನಲ್ಲಿಯೇ ಇವೆ. ‘ನಾಗಣಸೂರ’ಕ್ಕೆ ನುಡಿಯಲ್ಲಿ ಏಳು ಒತ್ತುಗಳು, ಮೂರು ಶಿಫ್ಟು. ‘ದುಧನಿ’ಯಲ್ಲಿ ಅಲ್ಪಪ್ರಾಣದ ಬೆನ್ನಿಗೇ ಮಹಾಪ್ರಾಣ, ಅದರ ಬೆನ್ನಿಗೆ ಸಾದಾ ನಕಾರ: ಶಿಫ್ಟ್ ಇಳಿಯದಿದ್ದರೆ ದುದನಿ, ಏಳದಿದ್ದರೆ ದುಧಣಿ. ಕ್ಷೇತ್ರಕಾರ್ಯ ಮುಗಿಸಿ ಬಂದವರು ಧ್ವನಿಮುದ್ರಿಕೆಯನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಮುನ್ನ ಆ ಊರಿನ ಹೆಸರನ್ನು ಹತ್ತು ಸಲ ಬೆರಳಚ್ಚಿಸಿ, ಹತ್ತೂ ಸಲ ಸರಿಯಾಗಿ ಬಂದಿದೆಯೇ ಎಂದು ಎಣಿಸಿ, ಪ್ರತಿಯ ಮೇಲ್ಭಾಗದಲ್ಲಿ ತಾರೀಖಿನ ಪಕ್ಕ ಗುರುತು ಹಾಕಿಕೊಳ್ಳಬಹುದು.